ಇಲ್ಲದವರು ಒಗೆದ ಬಟ್ಟೆ

ನಾನು ಇಲ್ಲ. ಹಾಗೆಂದು ಕಂಪ್ಯೂಟರ್ ಹೇಳಿತಂತೆ. ಕಂಪ್ಯೂಟರ್ ಹೇಳಿದ್ದನ್ನು ಕಾವಲುಗಾರ ನನಗೆ ಹೇಳಿದ. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಅಡ್ಡ ನಿಂತು, ನನ್ನ ಮುಖವನ್ನೇ ನೋಡುತ್ತ, "ಅಮ್ಮ, ನೀವು ಇಲ್ಲವಂತೆ. ಒಳಗೆ ಬಿಡಬಾರ್ದು ಅಂದಿದ್ದಾರೆ" ಅಂದ. ದಿನವೂ ಬೆಳಗ್ಗೆ ನನ್ನ ಚಹಾದಲ್ಲಿ ಅರ್ಧ ಲೋಟ ಕುಡಿಯುವವನು ಅವನು. ಚಹಾ ಕುಡಿಯುವಾಗ ನಾನು ಇದ್ದೆ.

ಇಲ್ಲವಾದವಳು ನಾನೊಬ್ಬಳೇ ಅಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ನಾವು ಒಂಬತ್ತು ಹೆಂಗಸರು. ಅದರಲ್ಲಿ ಎಂಟು ಜನ ಇಲ್ಲ. ಇರುವವಳು ಒಬ್ಬಳೇ, ನನ್ನ ಸೊಸೆ. ಅವಳನ್ನು ಮಾತ್ರ ಒಳಗೆ ಬಿಟ್ಟರು. ಗೇಟು ದಾಟಿದವಳು ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯ ಮಟ್ಟಿಗೆ ಆ ಕಾಲ ಗೇಟಿನ ಹತ್ತಿರ ಬದಲಾಯಿತು.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇದು ಸರ್ಕಾರಿ ಆಸ್ಪತ್ರೆ. ಹಾಸಿಗೆಯ ಮೇಲೆ ಹಾಸುವ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಹೆರಿಗೆ ವಾರ್ಡಿನ ಬಟ್ಟೆ, ಸತ್ತವರ ಮೇಲೆ ಹೊದಿಸಿದ ಬಟ್ಟೆ, ಎಲ್ಲ ಗಂಟು ಕಟ್ಟಿ ನಮ್ಮ ಕೋಣೆಗೆ ತಂದು ಎಸೆಯುತ್ತಾರೆ. ಗಂಟಿನೊಳಗೆ ಏನಿದೆ ಎಂದು ಬಿಚ್ಚುವವರೆಗೆ ಗೊತ್ತಿಲ್ಲ. ರಕ್ತ, ಕೀವು, ಹೇಲು. ಕೆಲವು ಸಲ ಸೂಜಿ. ಒಮ್ಮೆ ಒಂದು ಹಲ್ಲು ಸಿಕ್ಕಿತ್ತು. ಮೊದಲು ತಣ್ಣೀರಿನಲ್ಲಿ ನೆನೆಸಬೇಕು, ಬಿಸಿನೀರು ಹಾಕಿದರೆ ರಕ್ತದ ಕಲೆ ಕೂತುಬಿಡುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದ ತೊಟ್ಟಿ. ಆಮೇಲೆ ಬ್ಲೀಚಿಂಗ್ ಪುಡಿಯ ತೊಟ್ಟಿ. ಬಗ್ಗಿ ತಿಕ್ಕುವುದು, ಎತ್ತಿ ಹಿಂಡುವುದು, ಮತ್ತೆ ಬಗ್ಗುವುದು. ಕೈಗವಸು ಕೊಡುತ್ತಾರೆ. ಅದು ತೂತಾದರೆ ಒಳಗೆ ನೀರು ನಿಂತು ಇನ್ನೂ ಸುಡುತ್ತದೆ, ಹಾಗಾಗಿ ನಾವು ಹಾಕಿಕೊಳ್ಳುವುದನ್ನೇ ಬಿಟ್ಟೆವು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕಟ್ಟಿದವನು ಈ ತೊಟ್ಟಿಗೆ ಕೈ ಹಾಕಿದವನಲ್ಲ.

ಒಗೆಯುವ ಯಂತ್ರವೂ ಒಂದಿದೆ. ನನಗಿಂತ ಎತ್ತರ. ಬಂದ ಹೊಸದರಲ್ಲಿ ಚೆನ್ನಾಗಿ ತಿರುಗಿತು, ಆಮೇಲೆ ನಿಂತಿತು. ಆಸ್ಪತ್ರೆಯ ರಿಪೇರಿಯವನು ಮುಚ್ಚಳ ಬಿಚ್ಚಲು ಹೋದರೆ ಸಾಹೇಬರು ಬೇಡ ಅಂದರು, ಸಾಹೇಬರು ಎಂದರೆ ಆಸ್ಪತ್ರೆಯ ಆಡಳಿತ ನೋಡುವವರು, ಡಾಕ್ಟರಲ್ಲ. ಮಾರಿದ ಕಂಪನಿ ಸೀಲು ಹಾಕಿದೆಯಂತೆ, ಬೇರೆಯವರು ಕೈ ಇಟ್ಟರೆ ಗ್ಯಾರಂಟಿ ಹೋಗುತ್ತದಂತೆ. ಗ್ಯಾರಂಟಿಯೂ ಹೋಗಲಿಲ್ಲ, ಯಂತ್ರವೂ ತಿರುಗಲಿಲ್ಲ. ಈಗ ಅದರ ಮೇಲೆ ನಾವು ಊಟದ ಡಬ್ಬಿ ಇಡುತ್ತೇವೆ.

ಹೀಗೆ ಒಗೆದು ಒಗೆದು ನಮ್ಮ ಬೆರಳುಗಳ ಗೆರೆ ಹೋಯಿತು. ನೋವೇನೂ ಇಲ್ಲ. ತುದಿ ನುಣ್ಣಗಾಗುತ್ತದೆ, ಹೊಳೆಯುತ್ತದೆ, ನಾಣ್ಯ ಎತ್ತಲು ಹೋದರೆ ಜಾರುತ್ತದೆ. ಹಾಜರಿಗೆ ಬೆರಳಿನ ಯಂತ್ರ ಬರುವವರೆಗೆ ಅದು ನಷ್ಟವೆಂದೇ ನಮಗೆ ಗೊತ್ತಿರಲಿಲ್ಲ. ಆ ಯಂತ್ರದ ಮೇಲೆ ನಾನು ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಎಂಟೂ ಜನರದು ಅದೇ ಕಥೆ. ಇಡೀ ದಿನ ಬಗ್ಗಿ ದುಡಿದವರು ಸಂಜೆಗೆ ಗೈರುಹಾಜರಿ. ಆಗ ದಾರಿ ಕಂಡುಹಿಡಿದವನು ನಮ್ಮ ಮೇಸ್ತ್ರಿ.

ನನ್ನ ಸೊಸೆ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅವಳ ಕೈಯಲ್ಲಿ ಗೆರೆಗಳೆಲ್ಲ ಇದ್ದವು. ಮೇಸ್ತ್ರಿ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ ಒಬ್ಬೊಬ್ಬರ ಹೆಸರಿಗೆ ಅವಳ ಒಂದೊಂದು ಬೆರಳು ಸೇರಿಸಿದ. ಬಲಗೈ ಹೆಬ್ಬೆರಳು ಅವಳದೇ. ತೋರುಬೆರಳು ಉದ್ದಕ್ಕನದು. ಉದ್ದಕ್ಕ ಎಂದರೆ ನಮ್ಮ ಪೈಕಿ ಎತ್ತರದವಳು, ಬಾಯೂ ಅಷ್ಟೇ ಉದ್ದ. ನಾನು ನನ್ನ ಸೊಸೆಯ ಎಡಗೈ ಉಂಗುರ ಬೆರಳು. ಒಂಬತ್ತು ಹೆಂಗಸರಿಗೆ ಒಂಬತ್ತು ಬೆರಳು ಹೋಗಿ ಒಂದು ಉಳಿಯಿತು, ಎಡಗೈ ಕಿರುಬೆರಳು. ಅದನ್ನು ಮೇಸ್ತ್ರಿ ತನ್ನ ಭಾವಮೈದುನನ ಹೆಸರಿಗೆ ಸೇರಿಸಿಕೊಂಡ. ಆ ಭಾವಮೈದುನ ನಮ್ಮ ಕೋಣೆಯ ಬಾಗಿಲು ಯಾವ ಕಡೆಗಿದೆ ಎಂದೂ ಕಂಡವನಲ್ಲ. ನಮ್ಮ ಕೆಲಸ ಉಳಿಯಿತಲ್ಲ ಎಂದು ನಾವು ಸುಮ್ಮನಿದ್ದೆವು.

ಅಂದಿನಿಂದ ಆ ಕೈಗಳನ್ನು ನಾವೆಲ್ಲ ಸೇರಿ ಸಾಕಿದೆವು. ಸೊಸೆಯನ್ನು ತೊಟ್ಟಿಯ ಹತ್ತಿರ ಬಿಡುತ್ತಿರಲಿಲ್ಲ. ಒಣಗಿದ್ದನ್ನು ಮಡಿಸುವುದು, ಇಸ್ತ್ರಿ ಹಾಕುವುದು, ವಾರ್ಡಿಗೆ ಒಯ್ಯುವುದು, ಇಷ್ಟೇ ಅವಳ ಪಾಲು. ಅವಳ ಪಾಲಿನ ತೊಟ್ಟಿಯ ಕೆಲಸ ನಾವು ಹಂಚಿಕೊಂಡೆವು. ಮಹಾರಾಣಿ ಕೈ ಎಂದು ಉದ್ದಕ್ಕ ಚುಡಾಯಿಸುತ್ತಿದ್ದಳು. ಸೊಸೆ ಎಲ್ಲರಿಗಿಂತ ಮೊದಲು ಬಂದು ಹಾಜರಿ ಯಂತ್ರದ ಪಕ್ಕ ನಿಲ್ಲುವಳು. ನಾವು ಒಬ್ಬೊಬ್ಬರಾಗಿ ಬಂದ ಹಾಗೆ ನಮ್ಮ ನಮ್ಮ ಬೆರಳು ಒತ್ತುವಳು. ಬಾರದವರ ಬೆರಳನ್ನು ಒಂದು ದಿನವೂ ಒತ್ತಲಿಲ್ಲ. ನಾನು ಜ್ವರ ಬಂದು ಮಲಗಿದ ದಿನ ನನ್ನದನ್ನೂ ಒತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು. ಬಾರದವನ ಬೆರಳು ಒತ್ತುತ್ತಿದ್ದುದು ಒಂದೇ, ಆ ಕಿರುಬೆರಳು, ಮೇಸ್ತ್ರಿ ಎದುರು ನಿಂತು ಒತ್ತಿಸುತ್ತಿದ್ದ.

ಹೀಗಿರುವಾಗ ಹಾಜರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಬಂತು.

ಒಂದು ಬೆಳಗ್ಗೆ ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ನರ್ಸುಗಳಿಗೆ ಕುರ್ಚಿ, ನಮಗೆ ಗೋಡೆಯ ಪಕ್ಕ. ಸಾಹೇಬರು ಎಂದರೆ ಆಸ್ಪತ್ರೆಯ ಆಡಳಿತ ನೋಡುವವರು, ಡಾಕ್ಟರಲ್ಲ. ಇಷ್ಟು ವರ್ಷ ಒಂದು ಕಂಪನಿಯ ಕೈಗೆ ನಮ್ಮ ಜುಟ್ಟು ಕೊಟ್ಟಿದ್ದೆವು, ವರ್ಷವರ್ಷ ಅದಕ್ಕೆ ಕಪ್ಪ ಕಟ್ಟುತ್ತಿದ್ದೆವು, ಇನ್ನು ಆ ಗುಲಾಮಗಿರಿ ಮುಗಿಯಿತು ಎಂದು ಭಾಷಣ ಮಾಡಿದರು. ಹಿಂದಿನ ಕಂಪನಿಯವರನ್ನು ಕರೆದು ಹಾರ ಹಾಕಿದವರೂ ಇವರೇ. ಆಮೇಲೆ ಕನ್ನಡಕದ ಒಬ್ಬ ವಿವರಿಸಿದ. ಪಾಠ ಹೇಳುವ ಹಾಗೆ ಹೇಳುತ್ತಿದ್ದುದರಿಂದ ನಾವು ಅವನಿಗೆ ಕಂಪ್ಯೂಟರ್ ಮೇಷ್ಟ್ರು ಎಂದೇ ಹೆಸರಿಟ್ಟೆವು. ಇದು ಮುಕ್ತ ತಂತ್ರಾಂಶ, ಇದಕ್ಕೆ ಒಡೆಯನಿಲ್ಲ, ಇದು ಎಲ್ಲರದು ಅಂದ. ಇದರೊಳಗೆ ಏನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ಸರಿಯಿಲ್ಲ ಅನ್ನಿಸಿದರೆ ತಿದ್ದಬಹುದು, ತಿದ್ದಿದ್ದನ್ನು ಇನ್ನೊಂದು ಆಸ್ಪತ್ರೆಗೆ ಕೊಡಬಹುದು, ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂದು ಉದ್ದಕ್ಕ ನನ್ನ ಕಿವಿಯಲ್ಲಿ ಅಂದಳು. ನಾನು ನಗಲಿಲ್ಲ. ಆಸ್ಪತ್ರೆಯ ಲಿಫ್ಟೂ ಎಲ್ಲರದೇ. ನಾವು ಗಂಟು ಹೊತ್ತು ಮೆಟ್ಟಿಲು ಹತ್ತುತ್ತೇವೆ.

ಉದ್ದಕ್ಕನ ಬಾಯಿ ಸುಮ್ಮನಿರಬೇಕಲ್ಲ. ಕೈ ಎತ್ತಿ ಕೇಳಿಯೇಬಿಟ್ಟಳು, "ಮುಚ್ಚಳ ಯಾರು ಬೇಕಾದ್ರೂ ತೆಗೀಬಹುದು ಅಂದ್ರಲ್ಲ. ಹಾಗಾದ್ರೆ ಮೊದಲು ನಮ್ಮ ಒಗೆಯೋ ಯಂತ್ರದ ಮುಚ್ಚಳ ತೆಗೆಸಿ." ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕ. ಸಾಹೇಬರು ಮಾತ್ರ ಮೇಸ್ತ್ರಿಯ ಕಡೆ ನೋಡಿದರು, ಮೇಸ್ತ್ರಿ ಅವಳ ಕಡೆ ನೋಡಿದ.

ಹೊಸ ಯಂತ್ರಕ್ಕೆ ಒಂದು ಬೆರಳು ಸಾಲದು. ಗಾಜಿನ ಮೇಲೆ ಎರಡೂ ಕೈ ಇಡಬೇಕು. ಹಳೆಯ ಯಂತ್ರದಲ್ಲಿದ್ದ ಬೆರಳು, ಹೆಸರುಗಳನ್ನೆಲ್ಲ ಅದಕ್ಕೂ ತುಂಬಿದ್ದರು. ನಾವು ಎಂಟು ಜನ ಇಟ್ಟೆವು, ಗಾಜಿಗೆ ಏನೂ ಕಾಣಲಿಲ್ಲ. ಸೊಸೆ ಇಟ್ಟಳು. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಎಲ್ಲರ ಹೆಸರೂ ಸಾಲಾಗಿ ಬಂತು, ಒಬ್ಬಳದೇ ಕೈಯಿಂದ. ಮೇಷ್ಟ್ರ ಮುಖ ಪೆಚ್ಚಾಯಿತು. ಮೇಸ್ತ್ರಿಯ ಮುಖ ಬಿಳುಪೇರಿತು. ವಾರ ಕಳೆಯುವುದರೊಳಗೆ ನಾವು ಇಲ್ಲವಾದೆವು. ಹೊಸ ತಂತ್ರಾಂಶ ನಕಲಿ ಕೆಲಸಗಾರರನ್ನು ಪತ್ತೆ ಹಚ್ಚಿತು ಎಂದು ಸಾಹೇಬರು ಮೇಲಿನವರಿಗೆ ವರದಿ ಕಳಿಸಿದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಕೆಳಗಿನ ಕೋಣೆಗೆ ಇಳಿದು ತೊಟ್ಟಿಯ ಹತ್ತಿರ ಯಾರು ನಿಂತಿದ್ದಾರೆ ಎಂದು ನೋಡಲು ಅವರಿಗೆ ಒಂದು ನಿಮಿಷ ಸಾಕಿತ್ತು.

ಗೇಟಿನಲ್ಲಿ ತಡೆದ ದಿನ ನಾವು ರಸ್ತೆಯ ಬದಿ ಕೂತೆವು. ಬಿಸಿಲೇರುವ ಹೊತ್ತಿಗೆ ಮೇಸ್ತ್ರಿ ಓಡಿ ಬಂದ. ಒಳಗೆ ಗಂಟುಗಳು ಬಾಗಿಲ ತನಕ ಬಿದ್ದಿದ್ದವು. ಶವಾಗಾರದ ಪಕ್ಕದ ಸಣ್ಣ ಬಾಗಿಲಿನಿಂದ ಬನ್ನಿ, ಸದ್ದು ಮಾಡಬೇಡಿ, ಒಗೆಯುತ್ತಿರಿ, ಹೆಸರಿನ ವಿಷಯ ನಾನು ಸರಿ ಮಾಡಿಸುತ್ತೇನೆ ಅಂದ. ನಾವು ಹೋದೆವು. ಬೇರೆ ಏನು ಮಾಡಬೇಕಿತ್ತು? ನನ್ನ ಮಗ ಲಾರಿಯ ಮೇಲೆ ಇರುತ್ತಾನೆ, ಬಂದಾಗ ಬಂದ. ಮನೆ ನಡೆಯುವುದು ನನ್ನ ಮತ್ತು ಸೊಸೆಯ ಕೈಯಿಂದ. ಉದ್ದಕ್ಕನ ಗಂಡ ಹಾಸಿಗೆ ಹಿಡಿದಿದ್ದಾನೆ. ಬಡವನ ಕೋಪ ದವಡೆಗೆ ಮೂಲ ಎಂದು ಹಲ್ಲು ಕಚ್ಚಿಕೊಂಡು ಹೆಣಗಳ ಪಕ್ಕದಲ್ಲಿ ಒಳಗೆ ನುಸುಳಿದೆವು. ಇಲ್ಲದವರಾಗಿ ಇಡೀ ದಿನ ಒಗೆದೆವು. ಮರುದಿನವೂ ಅದೇ ಬಾಗಿಲಿನಿಂದ ಹೋದೆವು.

ನಾನು ಕಂಪ್ಯೂಟರ್ ಮೇಷ್ಟ್ರನ್ನು ಹಿಡಿದೆ. ಅವನು ಒಳ್ಳೆಯವನೇ ಇರಬಹುದು. ಒಳ್ಳೆಯವರನ್ನು ಕಂಡರೂ ನನಗೆ ಅನುಮಾನ ಹೋಗುವುದಿಲ್ಲ. ಅವನು ನನ್ನ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಆ ಆಸ್ಪತ್ರೆಯಲ್ಲಿ ನನ್ನ ಕೈ ಮುಟ್ಟಿದ ಮೊದಲನೆಯವನು ಅವನು. ಗೆರೆ ಇಲ್ಲದವರಿಗೆ ಮುಖದ ಫೋಟೊ ಸಾಕು, ಅದಕ್ಕೆ ತಂತ್ರಾಂಶದಲ್ಲೇ ಜಾಗವಿದೆ, ಇಲ್ಲದಿದ್ದರೂ ಸೇರಿಸಬಹುದು, ಒಂದು ಮಧ್ಯಾಹ್ನದ ಕೆಲಸ ಎಂದು ಹೇಳಿದ. ತಂತ್ರಾಂಶ ನಿಮ್ಮನ್ನು ತೆಗೆಯಲಿಲ್ಲ, ಒಂದೇ ಕೈಯಲ್ಲಿ ಇಷ್ಟು ಹೆಸರಿದೆ, ಏನು ಮಾಡಲಿ ಎಂದು ಕೇಳಿತು, ತೆಗೆ ಎಂದು ಒತ್ತಿದವರು ಬೇರೆ ಎಂದೂ ಹೇಳಿದ. ಹೇಳುವಾಗ ಬಾಗಿಲ ಕಡೆ ನೋಡಿದ.

"ಹಾಗಾದ್ರೆ ಈಗ್ಲೇ ತಿದ್ದಪ್ಪ. ಯಾರನ್ನೂ ಕೇಳಬೇಕಾಗಿಲ್ಲ ಅಂದಿದ್ದೆಯಲ್ಲ" ಅಂದೆ.

ಅವನು ಕನ್ನಡಕ ತೆಗೆದು ಒರೆಸಿದ. "ತಂತ್ರಾಂಶಕ್ಕೆ ಬೀಗ ಇಲ್ಲಮ್ಮ. ಆದ್ರೆ ಬಾಗಿಲಲ್ಲಿ ಸಾಹೇಬ್ರು ನಿಂತಿದ್ದಾರೆ. ಅವರ ಆದೇಶ ಇಲ್ದೆ ನಾನು ಒಂದು ಅಕ್ಷರ ಮುಟ್ಟಿದ್ರೂ ನನ್ನ ಕೆಲಸ ಹೋಗುತ್ತೆ."

ಒಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು ಅಂದೆಯಲ್ಲ, ಹಾಗಾದರೆ ಮೇಸ್ತ್ರಿ ಮಾಡಿದ್ದನ್ನು, ತೆಗೆ ಎಂದು ಒತ್ತಿದವರನ್ನು ಎಲ್ಲರಿಗೂ ತೋರಿಸು ಎಂದೆ. ಅದು ಆಸ್ಪತ್ರೆಯ ಮಾಹಿತಿ, ಅದನ್ನು ತೋರಿಸಲು ಬರುವುದಿಲ್ಲ, ಮುಕ್ತ ಇರುವುದು ತಂತ್ರಾಂಶ ಮಾತ್ರ ಎಂದು ಅವನು ತಲೆ ತಗ್ಗಿಸಿದ. ನನಗೆ ಅರ್ಥವಾಯಿತು. ಮೊದಲು ನಮ್ಮನ್ನು ಹೊರಗಿಟ್ಟವರು ಕಂಪನಿಯವರು, ಅವರ ಪೆಟ್ಟಿಗೆಗೆ ಬೀಗವಿತ್ತು. ಈಗ ಬೀಗವಿಲ್ಲದ ಪೆಟ್ಟಿಗೆ ತಂದು ಸಾಹೇಬರು ಅದರ ಮೇಲೆಯೇ ಕೂತಿದ್ದಾರೆ.

ಸಾಹೇಬರ ಬಾಗಿಲಿಗೂ ಹೋದೆವು, ನಾನು ಮತ್ತು ಉದ್ದಕ್ಕ. ಬೆಳಗಿನಿಂದ ಸಂಜೆಯ ತನಕ ಮೆಟ್ಟಿಲ ಮೇಲೆ ಕೂರಿಸಿದರು. ಮೆಟ್ಟಿಲ ಮೇಲೆ ಕೂತಿದ್ದಕ್ಕೆ ಜವಾನ ಬೈದ. ಎದ್ದು ನಿಂತದ್ದಕ್ಕೂ ಬೈದ. ಕೊನೆಗೆ ಒಳಗೆ ಕರೆದಾಗ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಆ ಕರವಸ್ತ್ರ ನನಗೆ ಗೊತ್ತು, ಅವರ ಕೋಣೆಯ ಬಟ್ಟೆಯನ್ನೂ ಒಗೆಯುವವರು ನಾವೇ. ಕೈ ತೋರಿಸಿ ಅಂದರು. ತೋರಿಸಿದೆವು. ಮೇಜಿನ ಆಚೆಯಿಂದಲೇ ನೋಡಿ, ಮುಚ್ಚಿಕೊಳ್ಳಿ ಅಂದರು, ಕೈಯಲ್ಲ ಏನೋ ಬೇರೆಯದನ್ನೇ ತೋರಿಸಿದ ಹಾಗೆ.

ಅವರು ಹೇಳಿದ್ದು ಇಷ್ಟು. ಹೊರಗಿನಿಂದ ಅತಿಥಿಗಳು ಬರುತ್ತಿದ್ದಾರೆ, ಬೇರೆ ಬೇರೆ ಇಲಾಖೆಗಳವರು. ಈ ತಂತ್ರಾಂಶವನ್ನು ಎಲ್ಲ ಕಡೆ ಹಾಕಬೇಕೋ ಬೇಡವೋ ಎಂದು ನಮ್ಮ ಆಸ್ಪತ್ರೆಯನ್ನು ನೋಡಿ ತೀರ್ಮಾನಿಸುತ್ತಾರೆ. ನಕಲಿ ಹೆಸರು ಹಿಡಿದದ್ದೇ ಅದರ ದೊಡ್ಡ ಸಾಧನೆ ಎಂದು ವರದಿ ಹೋಗಿಯಾಗಿದೆ. ಈಗ ನೀವು ಇದ್ದೀರಿ ಎಂದರೆ ವರದಿ ಸುಳ್ಳಾಗುತ್ತದೆ. ಅವರು ಇದನ್ನು ಮೆಲ್ಲಗೆ, ನಾವೇ ತಪ್ಪು ಮಾಡಿ ಸಿಕ್ಕಿಬಿದ್ದವರೆಂಬಂತೆ ಹೇಳಿದರು. ನಾವು ಹೊರಗೆ ಬಂದ ಮೇಲೆ ಜವಾನ ಬಾಗಿಲ ಹಿಡಿಕೆಯನ್ನು ಔಷಧಿ ನೀರಿನಲ್ಲಿ ಒರೆಸಿದ. ಉದ್ದಕ್ಕ ತಿರುಗಿ ನಿಂತು ಅವನು ಒರೆಸಿ ಮುಗಿಸುವವರೆಗೆ ನೋಡಿದಳು.

ಮಾರನೆಯ ದಿನ ಸೊಸೆಯನ್ನು ಸಾಹೇಬರು ಕರೆಸಿಕೊಂಡರು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಲಿಲ್ಲ. ಹೋದ ತಕ್ಷಣ ಒಳಗೆ. ಏನು ಅಂದರು ಎಂದು ಕೇಳಿದರೆ, "ಏನಿಲ್ಲ ಅತ್ತೆ" ಅಂದಳು. ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ. ಅದನ್ನು ಮೇಸ್ತ್ರಿಯೇ ಬಾಯಿಬಿಟ್ಟ. ಅತಿಥಿಗಳು ಬಂದ ದಿನ ಅವಳು ಎಲ್ಲರ ಎದುರು ನಿಂತು ಗಾಜಿನ ಮೇಲೆ ಕೈ ಇಡಬೇಕು. ಈ ಹೆಸರಿನವರು ಯಾರೂ ಇರಲಿಲ್ಲ, ನಾನೇ ಬೆರಳು ಒತ್ತುತ್ತಿದ್ದೆ, ನನ್ನದು ತಪ್ಪಾಯಿತು, ಹೊಸ ತಂತ್ರಾಂಶ ನನ್ನನ್ನು ಹಿಡಿಯಿತು ಎಂದು ಹೇಳಬೇಕು. ಹೇಳಿದರೆ ತಪ್ಪು ಮನ್ನಿಸಿ ಅವಳ ಕೆಲಸ ಕಾಯಂ ಮಾಡುತ್ತಾರೆ. ಹೇಳದಿದ್ದರೆ ಅವಳೂ ಹೊರಗೆ. "ನಿಮ್ಮ ಸೊಸೆ ಬುದ್ಧಿವಂತೆ, ಒಪ್ಕೊಂಡಿದ್ದಾಳೆ" ಎಂದು ಮೇಸ್ತ್ರಿ ಹಲ್ಲು ಕಿರಿದ. ಎಂಟು ಜನರನ್ನು ಭೂತ ಮಾಡಿದರೆ ಅವನ ಭಾವಮೈದುನ ಒಂಬತ್ತನೆಯ ಭೂತವಾಗಿ ಅದರಲ್ಲಿ ಮುಚ್ಚಿಹೋಗುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಂದಿನಿಂದ ನಾನು ಸೊಸೆಯನ್ನು ಕಾಯತೊಡಗಿದೆ. ಒಂದೇ ಕೋಣೆಯ ಮನೆ. ಅದರಲ್ಲಿ ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು ಇರುವುದು ಕಷ್ಟ. ಆದರೂ ಅವಳು ತಪ್ಪಿಸಿಕೊಂಡಳು. ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು. ಕೈಗಳನ್ನು ಸದಾ ಬಟ್ಟೆಯೊಳಗೆ ಇಟ್ಟುಕೊಳ್ಳುವಳು. ಪಾತ್ರೆ ನಾನು ತೊಳೆಯುತ್ತೇನೆ ಎಂದರೆ, ಹಿಂದೆಲ್ಲ ಬೇಡ ಅನ್ನುತ್ತಿದ್ದವಳು, ಸರಿ ಅಂದುಬಿಟ್ಟಳು. ಕಾಯಂ ಆಗುವ ಕೈ, ಅದಕ್ಕೆ ಇನ್ನು ನಮ್ಮ ಪಾತ್ರೆ ಯಾಕೆ ಎಂದು ನಾನು ಒಳಗೊಳಗೇ ಉರಿದೆ. ಬೆಳಗ್ಗೆ ನನಗಿಂತ ಎಷ್ಟೋ ಮೊದಲು ಎದ್ದು ಹೊರಟುಬಿಡುವಳು. ಹೊಸ ಯಂತ್ರವನ್ನು ಅತಿಥಿಗಳು ಬರುವ ತನಕ ಹೊದಿಸಿ ಇಟ್ಟಿದ್ದರು, ಅವಳ ಹಾಜರಿಯನ್ನು ಮೇಸ್ತ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅವಳಿಗೆ ಗೇಟು ತೆರೆದಿತ್ತು. ನಾವು ಡಾಕ್ಟರುಗಳ ಓಡಾಟ ಮುಗಿದ ಮೇಲೆ ಹೆಣದ ಬಾಗಿಲಿನಿಂದ ನುಸುಳಬೇಕು.

ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ನಾವು ಒಳಗೆ ಹೋಗುವ ಹೊತ್ತಿಗೆ ಗಂಟುಗಳಲ್ಲಿ ಅರ್ಧ ಆಗಲೇ ಒಗೆದು ಮುಗಿದಿರುತ್ತಿತ್ತು. ತೊಟ್ಟಿಯ ನೀರು ಕಲಕಿರುತ್ತಿತ್ತು. ಯಾರು ಒಗೆದರು? ಸೊಸೆ ಇಸ್ತ್ರಿ ಮೇಜಿನ ಹತ್ತಿರ ಕೈಯನ್ನು ಮಡಿಸಿದ ಬಟ್ಟೆಗಳ ನಡುವೆ ಇಟ್ಟುಕೊಂಡು ನಿಂತಿರುವಳು. ಮೇಸ್ತ್ರಿ ಹೊಸಬರನ್ನು ತಂದಿದ್ದಾನೆ, ಬೆಳಗ್ಗೆ ಮೊದಲೇ ಒಗೆಸಿ ಕಳಿಸುತ್ತಿದ್ದಾನೆ, ನಮ್ಮ ಜಾಗ ತುಂಬಿಯಾಯಿತು ಎಂದು ಉದ್ದಕ್ಕ ಅಂದಳು. ನನಗೂ ಹಾಗೇ ಅನ್ನಿಸಿತು. ಸೊಸೆಗೆ ಎಲ್ಲ ಗೊತ್ತಿದೆ, ಹೇಳುತ್ತಿಲ್ಲ ಎಂದೂ ಅನ್ನಿಸಿತು.

ಒಂದು ದಿನ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ನಮ್ಮ ಕೈ ಸುಟ್ಕೊಂಡು ನಿನ್ನ ಕೈ ಕಾಪಾಡಿದ್ವಿ. ಆ ಕೈಯಿಂದ್ಲೇ ನಮ್ಮ ಕತ್ತು ಹಿಚುಕ್ತೀಯೇನೆ?"

ಅವಳು ತಟ್ಟೆ ಸರಿಸಿದಳು. ಆಮೇಲೆ, "ನನ್ನ ಕೈ ಕಾಪಾಡಿ ಅಂತ ನಾನು ಯಾವತ್ತೂ ಕೇಳಿರಲಿಲ್ಲ ಅತ್ತೆ" ಅಂದಳು. ಎದ್ದು ಹೋಗಿ ಮಲಗಿದಳು. ಆ ಮಾತು ನನ್ನೆದೆಗೆ ನಾಟಿತು. ಸಾಹೇಬರ ಮಾತಿಗೆ ಒಪ್ಪಿದ್ದು ನಿಜ ಎಂದೇ ತಿಳಿದೆ. ಮಗ ಬಂದ ಮೇಲೆ ಮನೆ ಬೇರೆ ಮಾಡಿಬಿಡುವುದು ಎಂದೂ ನಿಶ್ಚಯಿಸಿದೆ.

ಅತಿಥಿಗಳು ಬರುವ ದಿನ ಸಭೆಯ ಕೋಣೆಯ ಕುರ್ಚಿಗಳಿಗೆಲ್ಲ ಬಿಳಿ ಹೊದಿಕೆ ಹಾಕಬೇಕಿತ್ತು. ಒಗೆದು ಇಸ್ತ್ರಿ ಮಾಡಿದ ಹೊದಿಕೆಗಳನ್ನು ಹೊತ್ತು ಹೋದವಳು ನಾನು. ಹಾಕಿ ಮುಗಿಸಿ ಹಿಂದಿನ ಬಾಗಿಲ ಹತ್ತಿರ ನಿಲ್ಲು, ಯಾವುದಾದರೂ ಕೊಳೆಯಾದರೆ ಬದಲಿಸಬೇಕು, ಯಾರ ಕಣ್ಣಿಗೂ ಬೀಳಬೇಡ ಎಂದು ಮೇಸ್ತ್ರಿ ಹೇಳಿದ. ಅದರಲ್ಲಿ ನನಗೆ ಅಭ್ಯಾಸವಿದೆ.

ಅತಿಥಿಗಳು ಕೂತರು. ಸಾಹೇಬರು ಮತ್ತೆ ಗುಲಾಮಗಿರಿ, ಬಿಡುಗಡೆ, ಎಲ್ಲರ ಸ್ವತ್ತು ಎಂದೆಲ್ಲ ಹೇಳಿದರು. ಮೇಷ್ಟ್ರು ಯಂತ್ರದ ಪಕ್ಕ ನಿಂತಿದ್ದ, ತನ್ನದೇ ಮದುವೆಗೆ ಒಲ್ಲದ ಮನಸ್ಸಿನಿಂದ ಬಂದವನ ಹಾಗೆ. ಸೊಸೆಯನ್ನು ಮುಂದೆ ಕರೆದರು. ಅವಳು ಕೈಗಳನ್ನು ಬಟ್ಟೆಯೊಳಗೆ ಇಟ್ಟುಕೊಂಡೇ ನಡೆದು ಬಂದಳು. ನನ್ನ ಕಡೆ ನೋಡಲಿಲ್ಲ. ಮೊದಲು ಯಂತ್ರ ಈಕೆಯನ್ನು ಹೇಗೆ ಗುರುತಿಸುತ್ತದೆ ನೋಡಿ, ಆಮೇಲೆ ನಡೆದದ್ದನ್ನು ಈಕೆಯೇ ಹೇಳುತ್ತಾಳೆ ಎಂದರು ಸಾಹೇಬರು. ಅವಳು ಎರಡೂ ಕೈ ಹೊರಗೆ ತೆಗೆದು ಗಾಜಿನ ಮೇಲಿಟ್ಟಳು.

ಕೆಂಪು ದೀಪ ಹೊತ್ತಿತು.

ಮೇಷ್ಟ್ರು ಗಾಜು ಒರೆಸಿದ. ಅವಳು ಮತ್ತೆ ಇಟ್ಟಳು. ಮತ್ತೆ ಕೆಂಪು. ಬೆವರಿರಬೇಕು ಎಂದು ಸಾಹೇಬರು ನಕ್ಕರು. ಮೇಸ್ತ್ರಿ ಓಡಿ ಹೋಗಿ ಅವಳ ಕೈ ಹಿಡಿದು ತನ್ನ ಕರವಸ್ತ್ರದಿಂದ ಒರೆಸಲು ಹೋದ. ಹಿಡಿದವನು ಬಿಟ್ಟುಬಿಟ್ಟ. ಆಗ ಅವಳು ಅಂಗೈಗಳನ್ನು ಮೇಲೆ ಮಾಡಿ ಎತ್ತಿ ಹಿಡಿದಳು. ನಾನು ಹಿಂದಿನ ಬಾಗಿಲಿನಿಂದ ನೋಡಿದೆ. ಚರ್ಮ ಸುಲಿದಿತ್ತು. ಗೆಣ್ಣುಗಳು ಬಿರಿದಿದ್ದವು. ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ಅವು ನನ್ನ ಕೈಗಳಾಗಿದ್ದವು. ಬೆಳಗ್ಗೆ ಬೆಳಗ್ಗೆ ಆ ಗಂಟುಗಳನ್ನು ಒಗೆದವರು ಯಾರು ಎಂದು ಆಗ ತಿಳಿಯಿತು. ಮನೆಯಲ್ಲಿ ಅವಳ ಮೈಯಿಂದ ಬ್ಲೀಚಿನ ವಾಸನೆ ಬಂದಿರಲೇಬೇಕು. ನನ್ನ ಮೂಗಿಗೆ ಆ ವಾಸನೆ ತಿಳಿಯುವುದು ಎಂದೋ ನಿಂತುಹೋಗಿದೆ. ನಾನು ಅಲ್ಲೇ ಅತ್ತುಬಿಟ್ಟೆ.

"ಸಿಗಲ್ಲ ಸಾರ್" ಅಂದಳು ಸೊಸೆ. "ಹತ್ತೂ ಹೋಗಿದೆ. ಇವರು ಮಾಡೋ ಕೆಲಸ ನಾನೂ ನಾಲ್ಕು ದಿನ ಮಾಡ್ದೆ, ಅಷ್ಟೇ. ಈಗ ನಾನೂ ಇಲ್ಲ."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅವಳು ನಿಲ್ಲಿಸಲಿಲ್ಲ. ಹೇಳಬೇಕಾಗಿದ್ದನ್ನು ಹೇಳುತ್ತೇನೆ, ಅದಕ್ಕೇ ಕರೆದಿದ್ದೀರಲ್ಲ ಅಂದಳು. ಒಂಬತ್ತು ಬೆರಳು ಒಂಬತ್ತು ಹೆಂಗಸರದು, ನನ್ನನ್ನು ಬಿಟ್ಟು ಉಳಿದ ಎಂಟು ಜನ ಈಗಲೂ ಕೆಳಗೆ ತೊಟ್ಟಿಯಲ್ಲಿ ಒಗೆಯುತ್ತಾರೆ, ಹೆಣದ ಬಾಗಿಲಿನಿಂದ ಬರುತ್ತಾರೆ ಅಂದಳು. ಹತ್ತನೆಯದು ಯಾರದು ಎಂದು ಮೇಸ್ತ್ರಿಯನ್ನು ಕೇಳಿ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರೂ ಏನೂ ಕೇಳುವ ಮೊದಲೇ ಮೇಸ್ತ್ರಿ, ನನಗೆ ಭಾವಮೈದುನನೇ ಇಲ್ಲ ಅಂದುಬಿಟ್ಟ.

ಅತಿಥಿಗಳಲ್ಲಿ ಒಬ್ಬರು ವಯಸ್ಸಾದ ಹೆಂಗಸು. ಅವರು ತಾವು ಕೂತ ಕುರ್ಚಿಯ ಹೊದಿಕೆಯನ್ನು ಬೆರಳಿನಿಂದ ಮುಟ್ಟಿ, "ಯಾರೂ ಇಲ್ಲ ಅಂದ್ರೆ ಇದನ್ನ ಒಗೆದೋರು ಯಾರು?" ಎಂದು ಕೇಳಿದರು. ಸಾಹೇಬರನ್ನು ಕೇಳಿದ್ದು. ಸಾಹೇಬರು ಮೇಷ್ಟ್ರನ್ನು ನೋಡಿದರು. ಯಾರ ಕಣ್ಣಿಗೂ ಬೀಳಬೇಡ ಎಂದಿದ್ದರು, ನಾನು ಮುಂದೆ ಬಂದೆ.

"ಇಲ್ಲದೋರು ಒಗೆದದ್ದು ಅಮ್ಮ. ಇನ್ಮೇಲೆ ಒಗೆಯಲ್ಲ" ಅಂದೆ.

ಸಣ್ಣ ತಾಂತ್ರಿಕ ತೊಂದರೆ ಎಂದು ಸಾಹೇಬರು ಎಲ್ಲರನ್ನೂ ಚಹಾಕ್ಕೆ ಎಬ್ಬಿಸಿದರು. ಆ ಹೆಂಗಸು ಏಳುತ್ತ ಮೇಷ್ಟ್ರ ಹತ್ತಿರ ಏನೋ ಕೇಳುತ್ತಿದ್ದರು. ಏನೆಂದು ನನಗೆ ಗೊತ್ತಿಲ್ಲ. ಕೇಳಿ ಮರೆಯುವವರನ್ನೂ ನಾನು ಕಂಡಿದ್ದೇನೆ. ನಾನು ಸೊಸೆಯ ಕೈ ಹಿಡಿದೆ, ಹಿಡಿದರೆ ಉರಿಯುತ್ತದೆ ಎಂದು ಗೊತ್ತಿದ್ದರಿಂದ ಮಣಿಕಟ್ಟಿನ ಹತ್ತಿರ. ಕೆಳಗೆ ಹೋಗಿ ಉಳಿದವರಿಗೆ ಹೇಳಿದೆವು. ಉದ್ದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡದೆಯೇ ತೊಟ್ಟಿಗೆ ಬಿಟ್ಟಳು. ಒಗೆಯುವ ಯಂತ್ರದ ಮೇಲಿನ ಊಟದ ಡಬ್ಬಿಗಳನ್ನು ತೆಗೆದುಕೊಂಡೆವು. ಹೆಣದ ಬಾಗಿಲಿನ ಕಡೆ ಹೋಗಲಿಲ್ಲ. ವಾರ್ಡುಗಳ ನಡುವಿನಿಂದ, ಮುಂದಿನ ಮೆಟ್ಟಿಲುಗಳಿಂದ, ಎಲ್ಲರೂ ನೋಡುತ್ತಿರುವಂತೆ ಇಳಿದು, ಮುಂದಿನ ಗೇಟಿನಲ್ಲಿ ಕೂತೆವು. ಅಂಗೈ ಮೇಲೆ ಮಾಡಿ ಮೊಣಕಾಲ ಮೇಲೆ ಇಟ್ಟುಕೊಂಡೆವು. ಬಂದವರು ಹೋದವರು ನೋಡಲಿ ಎಂದು.

ಮೊದಲು ಬಂದವನು ಮೇಸ್ತ್ರಿ. ಆಪರೇಷನ್ ಕೋಣೆಗೆ ಬಟ್ಟೆ ಇಲ್ಲ, ಡಾಕ್ಟರು ಕೂಗಾಡುತ್ತಿದ್ದಾರೆ, ಏಳಿ, ಬನ್ನಿ ಎಂದು ಕೈ ಹಿಸುಕಿಕೊಂಡ.

"ಯಾರನ್ನ ಕರೀತಿದ್ದೀಯಪ್ಪ?" ಎಂದು ಉದ್ದಕ್ಕ ಅತ್ತಿತ್ತ ನೋಡಿದಳು. "ಇಲ್ಲಿ ಯಾರೂ ಕಾಣಲ್ವಲ್ಲ."

ರೋಗಿಗಳನ್ನು ನೆನೆದು ನನಗೂ ಕಷ್ಟವಾಯಿತು. ಆಗಷ್ಟೇ ಹೆತ್ತವಳು ಒದ್ದೆ ಬಟ್ಟೆಯ ಮೇಲೆ ಮಲಗಿರುತ್ತಾಳೆ ಎಂದು ಗೊತ್ತು. ಇಷ್ಟು ವರ್ಷ ನಮ್ಮನ್ನು ಬಗ್ಗಿಸಿದ್ದು ಆ ಕಷ್ಟವೇ. ಸಾಹೇಬರಿಗೆ ಅದು ಚೆನ್ನಾಗಿ ಗೊತ್ತು. ಅವರೂ ಇಂದು ಸ್ವಲ್ಪ ಕಷ್ಟಪಡಲಿ ಎಂದು ಕೂತೆ.

ಆಮೇಲೆ ಬಂದವನು ಮೇಷ್ಟ್ರು. ಕೈಯಲ್ಲಿ ಕ್ಯಾಮೆರಾ. ಓಡಿ ಬಂದು ಏದುಸಿರು ಬಿಡುತ್ತಿದ್ದ. ಸಾಹೇಬರು ಒಪ್ಪಿದರು, ಮುಖದ ಫೋಟೊ ತೆಗೆದು ಇವತ್ತೇ ಸೇರಿಸುತ್ತೇನೆ, ಒಂದು ಮಧ್ಯಾಹ್ನ ಸಾಕು ಎಂದೆನಲ್ಲ ಅಂದ. ಅವನ ಮುಖದಲ್ಲಿ ಸಂತೋಷವಿತ್ತು, ಅದು ಸುಳ್ಳಲ್ಲ. ಒಬ್ಬಿಬ್ಬರು ಏಳಲು ನೆಲಕ್ಕೆ ಕೈ ಊರಿದರು. ನಾನೂ ಊರಿದೆ, ಸುಳ್ಳೇಕೆ ಹೇಳಲಿ. ಸೊಸೆ ಕೂತಲ್ಲಿಂದ ಅಲುಗಲಿಲ್ಲ.

"ಒಪ್ಪಿದ್ದನ್ನ ಯಾರ ಎದುರಿಗೆ ಹೇಳಿದ್ರು?" ಎಂದು ಕೇಳಿದಳು.

ತನ್ನ ಹತ್ತಿರ, ಕೋಣೆಯಲ್ಲಿ ಎಂದ ಮೇಷ್ಟ್ರು. ಅತಿಥಿಗಳಿಗೆ ಗೊತ್ತೇ ಎಂದು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಮೇಸ್ತ್ರಿ ಒತ್ತಿಸಿದ ಹತ್ತನೆಯ ಬೆರಳಿನ ವಿಷಯ ಏನಾಯಿತು ಎಂದಳು. ಸಾಹೇಬರು ಅದರ ಮಾತೇ ಎತ್ತಲಿಲ್ಲ ಎಂದ.

"ಹಾಗಾದ್ರೆ ಫೋಟೊ ಆಮೇಲೆ ತೆಗೀರಿ" ಅಂದಳು ಸೊಸೆ. "ಮೊದಲು ಅವರು ಇಲ್ಲಿಗೆ ಬರ್ಲಿ. ಈ ಗೇಟಲ್ಲಿ ನಿಂತು, ನಮ್ಮ ಕೈ ನೋಡಿ, ಒಬ್ಬೊಬ್ಬರ ಹೆಸರು ಹಿಡಿದು ಹೇಳ್ಲಿ, ಇವರು ಇದ್ದಾರೆ ಅಂತ. ಎಲ್ಲರಿಗೂ ಕೇಳೋ ಹಾಗೆ."

ಮೇಷ್ಟ್ರು ಕ್ಯಾಮೆರಾ ಇಳಿಸಿದ. ಆಮೇಲೆ ಒಳಗೆ ಹೋದ. ಊರಿದ್ದ ಕೈಯನ್ನು ನಾನು ಮತ್ತೆ ಮೊಣಕಾಲ ಮೇಲೆ ಇಟ್ಟುಕೊಂಡೆ. ಮೇಲಿನ ಮಹಡಿಯಲ್ಲಿ ಸಾಹೇಬರ ಕೋಣೆಯ ಕಿಟಕಿಯ ಪರದೆ ಒಂದಿಷ್ಟು ಸರಿಯಿತು, ಮತ್ತೆ ಮುಚ್ಚಿತು. ಆ ಪರದೆ ಒಗೆದವರೂ ನಾವೇ. ಅದು ಎಷ್ಟು ತೆಳ್ಳಗಾಗಿದೆ ಎಂದು ನಮಗೆ ಗೊತ್ತು. ಅದರ ಹಿಂದೆ ಅವರು ನಿಂತಿರುವುದು ಇಲ್ಲಿಗೇ ಕಾಣುತ್ತಿತ್ತು.